ಕಿವಿಯ ವ್ಯಾಸಂಗ

ಸೋಮವಾರದ ಬೆಳಗಿನಲ್ಲಿ ಚನ್ನರಾಯಪಟ್ಟಣದಿಂದಾಗಲಿ, ಹೊಳೆನರಸೀಪುರದಿಂದಾಗಲಿ, ಅರಕಲಗೂಡಿನಿಂದಾಗಲಿ ಹಾಸನಕ್ಕೆ ಹೊರಡುವ ಮೊದಲ ಬಸ್ಸುಗಳಲ್ಲಿ ಕುಳಿತವರನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಅವರಲ್ಲಿ ಎರಡು ಪಂಗಡದವರನ್ನು ಸುಲಭವಾಗಿ ಗುರುತಿಸಬಹುದು. ಹಳೆಯ ಚೀಟಿಗಳನ್ನೂ ಎಕ್ಸ್‌ರೇ ಲಕೋಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಿನಲ್ಲಿಟ್ಟುಕೊಂಡು, ದೊಡ್ಡಾಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಮುಂದಿನ ಸಾಲು ಬೆಳೆಯುವುದರೊಳಗಾಗಿ ಅಲ್ಲಿಗೆ ತಲಪಬೇಕೆಂಬ ಕಾತರದಿಂದ ಕುಳಿತಿರುವ ಬೇಸಾಯಗಾರರೂ ಅವರ ಮನೆಯ ಮುದುಕ ಮುದುಕಿಯರೂ ಒಂದು ಪಂಗಡ. ಭಾನುವಾರವನ್ನು ಊರಿನಲ್ಲಿ ಕಳೆದು, ತಾಯಿ ತುಂಬಿಸಿಕೊಟ್ಟ ಚಟ್ನಿಪುಡಿಯ ಡಬ್ಬಿಯೊಡನೆ ಒಗೆದು ಮಡಿಸಿದ ಬಿಳಿಯ ಏಪ್ರನ್ನನ್ನೂ ಚೀಲದಲ್ಲಿಟ್ಟುಕೊಂಡು ಹಾಸ್ಟೆಲಿಗೆ ಮರಳುತ್ತಿರುವ ವೈದ್ಯಕೀಯ ವಿದ್ಯಾರ್ಥಿಗಳು ಇನ್ನೊಂದು. ಸುಮಾರು ಒಂದು ಗಂಟೆಯ ಹಾದಿಯುದ್ದಕ್ಕೂ ಈ ಇಬ್ಬರೂ ಒಂದೇ ಕನ್ನಡದಲ್ಲಿ ಮಳೆಯ ವಿಚಾರವನ್ನೂ ಕೊಬ್ಬರಿಯ ಧಾರಣೆಯನ್ನೂ ಮಾತನಾಡಿಕೊಂಡು ಬರುವರು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಒಬ್ಬನು ರೋಗಿಯಾಗುವನು, ಇನ್ನೊಬ್ಬನು ವಿದ್ಯಾರ್ಥಿಯಾಗುವನು. ಬಸ್ಸಿನಲ್ಲಿ ತಡೆಯಿಲ್ಲದೆ ಹರಿದುಬಂದ ಮಾತು ಅಲ್ಲಿ ಕುಂಟತೊಡಗುವುದು.

ಈ ಕುಂಟುವಿಕೆಯನ್ನೇ ಕುರಿತು ನಾನು ನಾಲ್ಕು ಮಾತು ಹೇಳಬೇಕೆಂದಿರುವೆನು. ನಾನು ವೈದ್ಯನಲ್ಲ, ಆದರೆ ಆಸ್ಪತ್ರೆಯ ಬೆಂಚುಗಳ ಮೇಲೆ ಸಾಕಷ್ಟು ಹೊತ್ತು ಕಾದು ಕುಳಿತವನು, ಮತ್ತು ಓದುವ ಮಕ್ಕಳ ಪಾಡನ್ನು ಹತ್ತಿರದಿಂದ ಕಂಡವನು. ವೈದ್ಯಕೀಯ ವಿದ್ಯಾರ್ಥಿಯ ದಿನಚರಿಯಲ್ಲಿ ಕಣ್ಣಿಗೆ ದೊರೆತಿರುವ ಪ್ರಾಧಾನ್ಯವು ಕಿವಿಗೆ ದೊರೆತಿಲ್ಲವೆಂಬುದೂ, ಆ ಕೊರತೆಯನ್ನು ತುಂಬಿಕೊಳ್ಳಲು ಹಾಸನದಂತಹ ಊರಿಗಿಂತ ಅನುಕೂಲವಾದ ಸ್ಥಳವು ಬೇರೊಂದಿಲ್ಲವೆಂಬುದೂ ನನ್ನ ಅಭಿಪ್ರಾಯ.

ಮೊದಲು ಆ ದಿನಚರಿಯನ್ನೇ ನೋಡೋಣ. ಈ ಜಿಲ್ಲೆಯ ಹುಡುಗನೊಬ್ಬನು ವೈದ್ಯನಾಗಬೇಕಾದರೆ ಪರಸ್ಥಳಕ್ಕೆ ಹೋಗಲೇಬೇಕಾಗಿದ್ದ ಕಾಲವೊಂದಿತ್ತು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ವರ್ಗವಾದ ಮೇಲೆ, ಹೊಳೆನರಸೀಪುರದ ಮಾರ್ಗವಾಗಿ ಮೈಸೂರಿಗೆ ಹೋಗುವ ರೈಲೇ ನಮ್ಮವರ ಪಾಲಿಗೆ ಆ ವಿದ್ಯೆಯ ಹೆದ್ದಾರಿಯಾಗಿತ್ತು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪಿತವಾದುದು 2006ರಲ್ಲಿ. ಜಿಲ್ಲೆಯ ಜನರು ತಲೆಮಾರುಗಳಿಂದ ದೊಡ್ಡಾಸ್ಪತ್ರೆಯೆಂದು ಕರೆದುಕೊಂಡು ಬಂದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯೇ ಅಂದಿನಿಂದ ವಿದ್ಯಾರ್ಥಿಗಳ ಪಾಠಶಾಲೆಯೂ ಆಯಿತು. ಹೀಗೆ ವೈದ್ಯವಿದ್ಯೆಯು ರೋಗಿಯ ಊರಿಗೇ ಬಂದು ನಿಂತುದು ಸಾಮಾನ್ಯ ಸಂಗತಿಯಲ್ಲ. ಆದರೆ ವಿದ್ಯೆಯು ಬಂದಷ್ಟು ಹತ್ತಿರಕ್ಕೆ ವಿದ್ಯಾರ್ಥಿಯು ಬಂದಿರುವನೆ ಎಂಬುದು ಬೇರೆ ಪ್ರಶ್ನೆ.

ನಾಲ್ಕೂವರೆ ವರ್ಷಗಳ ವ್ಯಾಸಂಗ, ಅದರ ಮೇಲೊಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳೆಂಬ ಮೂರು ಬೆಟ್ಟಗಳನ್ನು ಹತ್ತಬೇಕು. ಬೆಳಗಿನ ಪಾಠ ಮುಗಿಯುತ್ತಲೇ ಶವಚ್ಛೇದನ ಶಾಲೆಗೆ ಹೋಗಿ, ಒಂದೊಂದು ಮೇಜಿನ ಸುತ್ತಲೂ ಗುಂಪುಗೂಡಿ ನಿಂತು, ಸತ್ತಮೇಲೂ ಇತರರಿಗೆ ಪಾಠ ಹೇಳುವ ಒಂದು ಮೌನ ದೇಹದಿಂದ ನರ, ಸ್ನಾಯು, ರಕ್ತನಾಳಗಳ ಹಾದಿಯನ್ನು ಬೆರಳಿನಿಂದ ಹಿಡಿದು ಕಲಿಯುವ ಆ ಮಕ್ಕಳಿಗೆ ಫಾರ್ಮಲಿನ್ನಿನ ವಾಸನೆ ಕೈಬಿಡದೆ ಮೆಸ್ಸಿನ ಊಟದ ತಟ್ಟೆಯವರೆಗೂ ಹಿಂಬಾಲಿಸಿ ಬರುವುದುಂಟು. ಮಧ್ಯಾಹ್ನ ಪ್ರಯೋಗಶಾಲೆ, ಸಂಜೆ ರೆಕಾರ್ಡ್ ಬರೆಯುವ ಕೆಲಸ, ರಾತ್ರಿ ನಾಳೆಯ ವೈವಾದಲ್ಲಿ ಯಾವ ಮೂಳೆಯನ್ನು ಕೈಗಿತ್ತು ಯಾವ ಪ್ರಶ್ನೆಯನ್ನು ಕೇಳುವರೋ ಎಂಬ ಭಯ. ಪಾಠಗಳಿಗೆ ನೂರಕ್ಕೆ 75, ಪ್ರಯೋಗಗಳಿಗೆ ನೂರಕ್ಕೆ 80ರಷ್ಟು ಹಾಜರಿಯಿಲ್ಲದವನು ಪರೀಕ್ಷೆಗೆ ಕೂರುವಂತಿಲ್ಲ. ಪಿ.ಯು.ಸಿ.ಯ ಎರಡು ವರ್ಷ ನೀಟ್ ಪರೀಕ್ಷೆಯ 180 ಪ್ರಶ್ನೆಗಳಿಗಾಗಿ ಜೀವ ತೇಯ್ದು, ಇನ್ನಾದರೂ ಉಸಿರು ಬಿಡಬಹುದೆಂದು ನಂಬಿ ಬಂದ ಹುಡುಗಿಯು ಮೊದಲ ತಿಂಗಳಿನಲ್ಲಿಯೇ ತಾನು ಹತ್ತಿದುದು ಬೆಟ್ಟದ ತಪ್ಪಲು ಮಾತ್ರವೆಂಬುದನ್ನು ಮನಗಾಣುವಳು.

ಇಷ್ಟೊಂದು ಓದಿನ ನಡುವೆ ಕಂಠಪಾಠವನ್ನು ಹಳಿಯುವುದು ಇಂದಿನ ರೂಢಿ. ನಾನದಕ್ಕೆ ಸೇರುವವನಲ್ಲ. ಕೈಯಲ್ಲಿರುವ ಎಂಟು ಮಣಿಕಟ್ಟಿನ ಮೂಳೆಗಳ ಹೆಸರು ನಾಲಗೆಯ ತುದಿಯಲ್ಲಿಲ್ಲದವನು ಮುರಿದ ಕೈಯನ್ನು ನೋಡಿ ಏನನ್ನು ತಾನೆ ಹೇಳಿಯಾನು? ಒಮ್ಮೆ ಕಲಿತುದು ದಿನಗಳೆದಂತೆ ಹೇಗೆ ಅಳಿಸಿಹೋಗುವುದೆಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ ಎಂಬ ಪಂಡಿತನು ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದನು. ಮರೆಯುವುದಕ್ಕೆ ಮುಂಚೆ ಮತ್ತೆ ಮತ್ತೆ ನೆನಪಿಗೆ ತಂದುಕೊಂಡುದು ಮಾತ್ರವೇ ಉಳಿಯುವುದೆಂಬ ನಿಯಮವು ಮಗ್ಗಿ ಒಪ್ಪಿಸಿ ಬೆಳೆದ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಗೆಟ್ಟು ಪುಟಗಳನ್ನು ತಿರುವುವವನಿಗಿಂತ, ದಿನವೂ ಓದಿದುದನ್ನು ಪುಸ್ತಕ ಮುಚ್ಚಿ ತನಗೆ ತಾನೇ ಹೇಳಿಕೊಂಡು, ಹೊತ್ತಿಗೆ ಸರಿಯಾಗಿ ಮಲಗುವವನು ಹೆಚ್ಚು ದೂರ ನಡೆಯುವನು.

ಈ ಮಾತಿಗೆ ದೃಷ್ಟಾಂತವನ್ನು ಹುಡುಕಿಕೊಂಡು ಜರ್ಮನಿಗೆ ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲೆ ರುದ್ರಪಟ್ಟಣವಿದೆ. ತಲೆಮಾರುಗಳಿಂದ ಸಂಗೀತಗಾರರನ್ನು ಹಡೆಯುತ್ತ ಬಂದ ಊರದು. 1920ರಲ್ಲಿ ಅಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಅಂತಹವರ ಹಿಂದಿರುವುದು ದಿನ ತಪ್ಪದ ಸಾಧಕ. ಸಾಧಕವೆಂದರೆ ಕಂಠದ ಅಭ್ಯಾಸವೆಂದು ಹೊರಗಿನವರು ತಿಳಿಯುವರು. ಸಂಗೀತ ಬಲ್ಲವರಾದರೋ ಅದರ ಅರ್ಧ ಭಾಗವು ಕಿವಿಯದೆಂಬುದನ್ನು ಅರಿತಿರುವರು. ತಂಬೂರಿಯ ನಾದಕ್ಕೆ ಕಿವಿಯು ಹದಗೊಳ್ಳದವನ ಕಂಠದಲ್ಲಿ ಶ್ರುತಿಯು ನಿಲ್ಲದು, ಮತ್ತು ಆ ಹದವನ್ನು ಯಾವ ಪುಸ್ತಕವೂ ತಂದುಕೊಡಲಾರದು.

ವೈದ್ಯವಿದ್ಯೆಯೂ ಇಂತಹುದೇ. ಫ್ರಾನ್ಸ್ ದೇಶದ ಲೆನೆಕ್ ಎಂಬ ವೈದ್ಯನು 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದಂದಿನಿಂದ ಸ್ಟೆತಸ್ಕೋಪು ವೈದ್ಯನ ಲಾಂಛನವಾಗಿದೆ. ಅಂದರೆ ಕೇಳಿಸಿಕೊಳ್ಳುವ ಉಪಕರಣವೇ ಆ ವೃತ್ತಿಯ ಗುರುತು. ಹೃದಯದ ಮೈಟ್ರಲ್ ಕವಾಟವು ಕಿರಿದಾದಾಗ ಏಳುವ ತಗ್ಗು ಶ್ರುತಿಯ ಗುಡುಗನ್ನು ಹತ್ತು ಸಲ ಓದಿದವನೂ ಮೊದಲ ರೋಗಿಯಲ್ಲಿ ಕೇಳಲಾರನು. ಐವತ್ತು ಎದೆಗಳಿಗೆ ಕಿವಿಗೊಟ್ಟ ಮೇಲೆ ಐವತ್ತೊಂದನೆಯದು ತಾನಾಗಿಯೇ ಮಾತನಾಡುವುದು. ಆದರೆ ಸ್ಟೆತಸ್ಕೋಪನ್ನು ಎದೆಯ ಮೇಲಿಡುವುದಕ್ಕೆ ಮುಂಚೆ ಕೇಳಬೇಕಾದ ಇನ್ನೊಂದು ಶಬ್ದವಿದೆ. ಅದು ರೋಗಿಯ ಮಾತು.

ಇಲ್ಲಿ ನಮ್ಮ ವಿದ್ಯಾರ್ಥಿಯು ಮೂರು ಭಾಷೆಗಳ ಕೂಡುದಾರಿಯಲ್ಲಿ ನಿಂತಿರುವನು. ಪುಸ್ತಕದ ಭಾಷೆ ಲ್ಯಾಟಿನ್ನಿನಿಂದ ಕಿಕ್ಕಿರಿದ ಇಂಗ್ಲಿಷು. ಶಾಲೆಯಲ್ಲಿ ಕಲಿತ ಕನ್ನಡವು ಅಪಧಮನಿ, ಮೂತ್ರಪಿಂಡ, ಪಿತ್ತಜನಕಾಂಗಗಳ ಸಂಸ್ಕೃತಮಯವಾದ ಕನ್ನಡ. ನನ್ನಂತೆ ಬರೆಯುವವರಿಗೆ ಪ್ರಿಯವಾದುದಾದರೂ ಅರಕಲಗೂಡಿನ ಸಂತೆಯಲ್ಲಿ ಯಾರ ಬಾಯಿಂದಲೂ ಕೇಳಿಬಾರದುದು. ಮೂರನೆಯದು ರೋಗಿಯ ಭಾಷೆ. ಅದರಲ್ಲಿ ಮೂತ್ರಪಿಂಡವು ಕಿಡ್ನಿ, ಮಧುಮೇಹವು ಶುಗರ್. ಅದರ ಜೊತೆಯಲ್ಲೇ ಸಂಕಟ, ಉಬ್ಬಸ, ಜೋಮು, ನುಲಿತ, ತೊಳಸು, ಬವಳಿ ಎಂಬ ಆಡುಗನ್ನಡದ ಮಾತುಗಳೂ ಇವೆ. ಇವುಗಳಲ್ಲಿ ಒಂದೊಂದೂ ಒಂದೊಂದು ಸೂಕ್ಷ್ಮ ಭೇದವನ್ನು ಹಿಡಿದಿಟ್ಟಿರುವುದನ್ನು ಬಲ್ಲವರೇ ಬಲ್ಲರು. ‘ತಲೆ ಸುತ್ತು’ ಎಂದವಳಿಗೂ ‘ಕಣ್ಣು ಕತ್ತಲೆ ಕಟ್ಟಿತು’ ಎಂದವಳಿಗೂ ಕಾಯಿಲೆಯು ಒಂದೇ ಇರಬೇಕಾದುದಿಲ್ಲ. ಮೊದಲನೆಯದು ಕಿವಿಯೊಳಗಿನ ಸಮತೋಲದ ದೋಷವಿರಬಹುದು, ಎರಡನೆಯದು ರಕ್ತದೊತ್ತಡ ಕುಸಿದುದಿರಬಹುದು. ಆ ಎರಡನ್ನೂ ಒಂದೇ ಇಂಗ್ಲಿಷ್ ಪದಕ್ಕೆ ತರ್ಜುಮೆ ಮಾಡಿ ಬರೆದುಕೊಂಡ ವಿದ್ಯಾರ್ಥಿಯು ಅರ್ಧ ರೋಗನಿದಾನವನ್ನು ಪೆನ್ನಿನ ತುದಿಯಲ್ಲಿಯೇ ಕಳೆದುಕೊಂಡಿರುವನು.

ಜನರ ನುಡಿಯಲ್ಲಿ ಅಜ್ಞಾನವೇ ತುಂಬಿದೆಯೆಂದು ಭಾವಿಸುವುದು ದೊಡ್ಡ ತಪ್ಪು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ‘ಗೃಹಭಂಗ’ದಲ್ಲಿ ಚಿತ್ರಿಸಿರುವ ಪ್ಲೇಗಿನ ದಿನಗಳನ್ನು ಓದಿದವರಿಗೆ, ಮನೆಯಲ್ಲಿ ಇಲಿ ಬಿದ್ದಿತೆಂಬ ಒಂದು ಸುದ್ದಿಗೆ ಇಡೀ ಊರು ಗಂಟುಮೂಟೆ ಕಟ್ಟಿ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದುದು ನೆನಪಿರಬಹುದು. ‘ಇಲಿ ಬಿತ್ತು’ ಎಂಬ ಆ ಎರಡು ಮಾತುಗಳಲ್ಲಿ ಮನುಷ್ಯರಿಗಿಂತ ಮೊದಲು ಇಲಿಗಳು ಸಾಯುವುವೆಂಬ ಸಾಂಕ್ರಾಮಿಕಶಾಸ್ತ್ರದ ಸತ್ಯವು ಅಡಗಿದ್ದಿತು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ಹೆಂಗಸರ ಹಾಗೂ ಮಕ್ಕಳ ಆರೋಗ್ಯವನ್ನು ಕುರಿತು ಬರೆದ ಕನ್ನಡವು ಮನೆಮನೆಯನ್ನು ಹೊಕ್ಕುದಕ್ಕೂ, ಹೇಳುವುದಕ್ಕೆ ಮುಂಚೆ ಅವರು ಕೇಳಿದ್ದರೆಂಬುದೇ ಕಾರಣವೆಂದು ನಾನು ಬಲವಾಗಿ ನಂಬಿರುವೆನು.

ರೋಗಿಯ ಕಸುಬೇನೆಂದು ಕೇಳುವುದನ್ನು ಮರೆಯಬೇಡಿರೆಂದು ಇಟಲಿಯ ರಾಮಜ್ಜಿನಿಯು 1700ರಲ್ಲಿಯೇ ವೈದ್ಯರಿಗೆ ಬೋಧಿಸಿದನು. ನಮ್ಮ ಜಿಲ್ಲೆಯಲ್ಲಿ ತಾಲ್ಲೂಕಿಗೊಂದು ಕಸುಬು, ಕಸುಬಿಗೊಂದು ಅಪಾಯ. ರಾಮನಾಥಪುರ, ಕೊಣನೂರುಗಳ ಸುತ್ತ ಹೊಗೆಸೊಪ್ಪು ಬೆಳೆಯುವ ಹೊಲದಲ್ಲಿ ಮಳೆಗೋ ಇಬ್ಬನಿಗೋ ತೊಯ್ದ ಎಲೆಯನ್ನು ಬರಿಗೈಯಲ್ಲಿ ಕೊಯ್ದ ಹೆಂಗಸು ವಾಂತಿ, ಬವಳಿಯೆಂದು ಬಂದರೆ, ಅದು ಚರ್ಮದ ಮೂಲಕ ಒಳಹೊಕ್ಕ ನಿಕೋಟಿನ್ ವಿಷದ ಪರಿಣಾಮವಾಗಿರಬಹುದು. ‘ಅಮ್ಮಾ, ಈ ದಿನ ಏನು ಕೆಲಸ ಮಾಡಿದಿರಿ?’ ಎಂದು ಕೇಳದವನು ಅವಳನ್ನು ಹೊಟ್ಟೆಯ ಕಾಯಿಲೆಯವಳೆಂದು ಕಳುಹಿಸಿಬಿಟ್ಟಾನು. ಹೇಮಾವತಿಯ ನಾಲೆಯ ಕೆಳಗಿನ ಗದ್ದೆಗಳಲ್ಲಿ ಕೆಸರಿನಲ್ಲಿ ನಿಂತು ದುಡಿದವನ ಜ್ವರವು ಇಲಿಜ್ವರವಾಗಿರಬಹುದು. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಮರ ಹತ್ತುವವನ ಬೆನ್ನುನೋವನ್ನು ಕಚೇರಿಯ ಗುಮಾಸ್ತನ ಬೆನ್ನುನೋವಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ರಾತ್ರಿ ನೆಲದ ಮೇಲೆ ಮಲಗಿದ್ದು, ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ಸ್ವಲ್ಪ ಹೊತ್ತಿನಲ್ಲಿ ರೆಪ್ಪೆ ಎತ್ತಲಾರದಾದ ಹುಡುಗನಿಗೆ ಕಟ್ಟುಹಾವು ಕಚ್ಚಿರಬಹುದೆಂಬ ಶಂಕೆ ಹುಟ್ಟಬೇಕಾದರೆ, ಅವನು ಎಲ್ಲಿ ಮಲಗಿದ್ದನೆಂದು ಅವನ ತಾಯಿಯನ್ನು ಕೇಳಬೇಕು. ಆ ಹಾವಿನ ಕಡಿತವು ನೋಯುವುದೂ ಕಡಮೆ, ಗುರುತು ಉಳಿಯುವುದೂ ಕಡಮೆ.

ಆದರೆ ಹೀಗೆ ಕೇಳುವುದರ ಬೆಲೆಯನ್ನು ಹಾಸನಕ್ಕೆ ಮನದಟ್ಟು ಮಾಡಿಕೊಟ್ಟುದು 2025ರ ಬೇಸಗೆ. ಮೇ, ಜೂನ್ ತಿಂಗಳುಗಳಲ್ಲಿ ಜಿಲ್ಲೆಯ ಹಲವರು, ಅವರಲ್ಲಿ ಎಳೆಯ ವಯಸ್ಸಿನವರೂ ಸೇರಿ, ಹೃದಯಾಘಾತದಿಂದ ಹಠಾತ್ತಾಗಿ ಮೃತರಾದರೆಂಬ ಸುದ್ದಿಯು ದಿನದಿನಕ್ಕೆ ಸಂಖ್ಯೆಯನ್ನು ಏರಿಸಿಕೊಂಡು ಹಬ್ಬಿ, ಆರೋಗ್ಯವಂತರೂ ತಮ್ಮ ಎದೆಯನ್ನು ತಾವೇ ಮುಟ್ಟಿ ನೋಡಿಕೊಳ್ಳುವಂತಾಯಿತು. ಪರೀಕ್ಷೆಗಾಗಿ ಜನರು ಮೈಸೂರಿನ ಜಯದೇವ ಆಸ್ಪತ್ರೆಗೂ ಮುಗಿಬಿದ್ದರು. ಸರ್ಕಾರವು ಜಯದೇವ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ನೇಮಿಸಿದ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ ನಾಲ್ಕಕ್ಕೆ ಹೃದಯವು ಕಾರಣವೇ ಅಲ್ಲವೆಂದೂ, ಒಟ್ಟಿನಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲವೆಂದೂ ಜುಲೈ ತಿಂಗಳಿನಲ್ಲಿ ವರದಿಯಿತ್ತಿತು.

ಆ ದಿನಗಳಲ್ಲಿ ಊರಿಗೆ ಹೋದ ವೈದ್ಯಕೀಯ ವಿದ್ಯಾರ್ಥಿಯನ್ನು ಯಾರು ತಾನೆ ಬಿಟ್ಟಾರು? ಅರಳಿಕಟ್ಟೆಯಲ್ಲಿ, ಹಾಲಿನ ಡೈರಿಯ ಮುಂದೆ, ಮದುವೆಯ ಪಂಕ್ತಿಯಲ್ಲಿ, ‘ನೀನು ಓದ್ತಾ ಇದೀಯಲ್ಲಪ್ಪ, ನಿಜವಾ ಇದು?’ ಎಂಬ ಪ್ರಶ್ನೆಯು ಎರಡನೆಯ ವರ್ಷದ ಹುಡುಗನಿಗೂ ಎದುರಾಯಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಯಾವ ಪರೀಕ್ಷೆಯಲ್ಲಿಯೂ ಬಾರದ ವೈವಾ ಅದು. ಅದಕ್ಕೆ ಉತ್ತರ ಹೇಳಬೇಕಾದುದು ಕನ್ನಡದಲ್ಲಿ, ಭಯವನ್ನು ಹೆಚ್ಚಿಸದೆ, ಅಪಾಯವನ್ನು ಮರೆಮಾಚದೆ. ಏಕೆಂದರೆ ಅಪಾಯವೂ ನಿಜವೇ. ನಮ್ಮಲ್ಲಿ ಎಷ್ಟೋ ಹೃದಯಾಘಾತಗಳು ‘ಗ್ಯಾಸ್ಟ್ರಿಕ್’ ಎಂಬ ಹೆಸರಿನಲ್ಲಿ ಬರುವುವು. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು. ಹೆಂಗಸರಲ್ಲಿಯೂ ವೃದ್ಧರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವೇ ಇಲ್ಲದೆ ಬರಿಯ ಸುಸ್ತು, ಬೆವರು, ಸಂಕಟಗಳಷ್ಟೇ ಇರಬಹುದು. ಸೋಡಾ ಕುಡಿದು, ಓಮದ ಕಷಾಯ ಕುಡಿದು, ‘ವಾಯು ಆಗಿರ್ಬೇಕು, ಬೆಳಗ್ಗೆ ನೋಡೋಣ’ ಎಂದು ಮಲಗಿದವನು ಬೆಳಗನ್ನು ಕಾಣದೆ ಹೋದುದುಂಟು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಮೂಲಕ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಉಚಿತವಾಗಿ ಕೊಡುವ ಏರ್ಪಾಡನ್ನು ಸರ್ಕಾರವು ಮಾಡಿರುವುದು ಸ್ತುತ್ಯವೇ ಸರಿ. ಆದರೆ ‘ಗ್ಯಾಸ್ಟ್ರಿಕ್’ ಎಂಬ ಮಾತನ್ನು ಕೇಳಿದೊಡನೆ ಇ.ಸಿ.ಜಿ. ತೆಗೆಸಬೇಕೆಂಬ ಎಚ್ಚರವು ಕೇಳುವವನ ಕಿವಿಯಲ್ಲಿರದಿದ್ದರೆ ಆ ಔಷಧವು ಶೀತಪೆಟ್ಟಿಗೆಯಲ್ಲಿಯೇ ಉಳಿಯುವುದು.

ಇಷ್ಟನ್ನು ಹೇಳಿದ ಮೇಲೆ ವಿದ್ಯಾರ್ಥಿಯ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲಿ ಒಂದು ಗಂಟೆ ಕುಳಿತರೆ ಅವನಿಗೆ ಅಂಕ ಬಾರದು. ಮುಂದೆ ಸ್ನಾತಕೋತ್ತರ ಸೀಟಿನ ಭಾಗ್ಯವನ್ನು ನಿರ್ಣಯಿಸುವುದು ಮೂರೂವರೆ ಗಂಟೆಗಳಲ್ಲಿ ಉತ್ತರಿಸಬೇಕಾದ 200 ಪ್ರಶ್ನೆಗಳು. ಬರಿಯ ಎಂ.ಬಿ.ಬಿ.ಎಸ್. ಪದವಿಯನ್ನು ಸಮಾಜವೇ ಅರೆವಿದ್ಯೆಯೆಂದು ಕಾಣುತ್ತಿರುವಾಗ, ಮೂರನೆಯ ವರ್ಷದಿಂದಲೇ ಮೊಬೈಲಿನಲ್ಲಿ ಕೋಚಿಂಗ್ ಪಾಠಗಳನ್ನು ಕೇಳುತ್ತ, ಕ್ಲಿನಿಕಲ್ ಪೋಸ್ಟಿಂಗಿನಲ್ಲಿ ಹಾಜರಿ ಹೇಳಿ ಗ್ರಂಥಾಲಯಕ್ಕೆ ಜಾರಿಕೊಳ್ಳುವ ಹುಡುಗನನ್ನು ನಾವು ಯಾವ ಬಾಯಿಂದ ಬಯ್ಯಬೇಕು? ಇಂಟರ್ನ್‌ಶಿಪ್ಪಿನ ವರ್ಷವಾದರೋ ರಕ್ತ ತೆಗೆಯುವುದರಲ್ಲಿ, ವರದಿ ತರುವುದರಲ್ಲಿ, ಡಿಸ್ಚಾರ್ಜ್ ಚೀಟಿ ಬರೆಯುವುದರಲ್ಲಿ ಕಳೆದುಹೋಗುವುದು. ಸಾಲಿನಲ್ಲಿ ಇನ್ನೂರು ಜನ ನಿಂತಿರುವಾಗ ಒಬ್ಬನ ಕಥೆಯನ್ನು ಸಾವಧಾನವಾಗಿ ಕೇಳೆಂದು ವೈದ್ಯನಿಗೆ ಉಪದೇಶಿಸುವುದು ಸಾಲಿನ ಹೊರಗೆ ನಿಂತವನಿಗೆ ಸುಲಭ.

ಇದನ್ನೆಲ್ಲ ಒಪ್ಪಿಯೂ ನಾನು ಕೇಳುವುದಿಷ್ಟು: ಸಾವಧಾನವಾಗಿ ಕೇಳಲು ಒಬ್ಬನ ಜೀವಮಾನದಲ್ಲಿ ಪುರುಸೊತ್ತಿರುವ ಕಾಲವೆಂಬುದು ಇದ್ದರೆ ಅದು ವಿದ್ಯಾರ್ಥಿದಶೆಯಲ್ಲದೆ ಮತ್ತಾವುದು? ಆಸ್ಪತ್ರೆಯ ಸಮಸ್ತ ಸಿಬ್ಬಂದಿಯಲ್ಲಿ ಇನ್ನೊಬ್ಬ ರೋಗಿಯು ಕಾಯುತ್ತಿಲ್ಲದವನು ಅವನೊಬ್ಬನೇ. ಮೇಲಾಗಿ ಇದು ಓದಿಗೆ ಅಡ್ಡಿಯೂ ಅಲ್ಲ. ಕಾಮಾಲೆಯನ್ನು ಕುರಿತು ಮೂವತ್ತು ಪುಟ ಓದಿದುದು ಮರೆಯಬಹುದು. ಹಳದಿಯಾದ ಕಣ್ಣುಗಳಿಂದ ತನ್ನನ್ನೇ ನೋಡುತ್ತ, ನಾಟಿ ಔಷಧಕ್ಕೆ ಎಷ್ಟು ದಿನ ಅಲೆದೆನೆಂದು ಹೇಳಿಕೊಂಡ ಮುದುಕನನ್ನು ಮರೆಯಲಾಗದು. ಆ ಮೂವತ್ತು ಪುಟಗಳೂ ಅವನ ಮುಖಕ್ಕೆ ಅಂಟಿಕೊಂಡು ನೆನಪಿನಲ್ಲಿ ಉಳಿಯುವುವು.

ಏನು ಮಾಡಬೇಕೆಂದರೆ, ಹೊಸ ಕಟ್ಟಡವೂ ಬೇಡ, ಹೊಸ ಅನುದಾನವೂ ಬೇಡ. ರೋಗಿಯ ಮುಖ್ಯ ದೂರನ್ನು ಅವನದೇ ಮಾತುಗಳಲ್ಲಿ ಬರೆದುಕೊಳ್ಳಬೇಕೆಂದು ಕ್ಲಿನಿಕಲ್ ವಿಧಾನದ ಪುಸ್ತಕಗಳೇ ವಿಧಿಸುವುವು. ಹಾಗಿದ್ದಮೇಲೆ ಹಾಸನದ ವಿದ್ಯಾರ್ಥಿಯು ಬರೆಯುವ ಪ್ರತಿಯೊಂದು ಕೇಸ್ ಹಾಳೆಯ ಮೊದಲ ಸಾಲು ಕನ್ನಡ ಲಿಪಿಯಲ್ಲಿ, ರೋಗಿಯು ಆಡಿದಂತೆಯೇ ಇರಲಿ. ಎರಡನೆಯ ಸಾಲಿನಿಂದ ಇಂಗ್ಲಿಷು ಬರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅನ್ಯರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ಇದು ಕನ್ನಡ ಕಲಿಯುವ ಹಾದಿಯೂ ಆದೀತು. ಸ್ಥಳೀಯ ಭಾಷೆಯ ಪರಿಚಯಕ್ಕೆ ಆರಂಭದ ತರಗತಿಗಳಲ್ಲಿ ಹೇಗೂ ಅವಕಾಶವಿದೆಯಷ್ಟೆ, ಅದು ವ್ಯಾಕರಣದಿಂದ ಶುರುವಾಗದೆ ವಾರ್ಡಿನ ಮಾತಿನಿಂದ ಶುರುವಾಗಲಿ. ಎರಡನೆಯದಾಗಿ, ಒಂದೊಂದು ತಂಡದವರು ತಾವು ಕೇಳಿದ ಇಂತಹ ಮಾತುಗಳನ್ನು ತಾಲ್ಲೂಕು, ಕಸುಬುಗಳ ಸಮೇತ ಒಂದು ನೋಟುಪುಸ್ತಕದಲ್ಲಿ ದಾಖಲಿಸಿ ಮುಂದಿನ ತಂಡಕ್ಕೆ ಒಪ್ಪಿಸಿಹೋಗಲಿ. ಹತ್ತು ವರ್ಷಗಳಲ್ಲಿ ಅದು ಯಾವ ವಿಶ್ವವಿದ್ಯಾಲಯವೂ ಕೂಡಿಸಲಾಗದ ನಿಘಂಟಾದೀತು. ಮೂರನೆಯದಾಗಿ, ವಿದ್ಯಾರ್ಥಿಯೊಬ್ಬನು ಹಳ್ಳಿಯ ಕೆಲವು ಕುಟುಂಬಗಳನ್ನು ವರ್ಷಗಟ್ಟಲೆ ಸಂದರ್ಶಿಸುತ್ತಿರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಈಚೆಗೆ ತಂದಿರುವ ಕುಟುಂಬ ದತ್ತು ಕಾರ್ಯಕ್ರಮವು ಲಾಗ್‌ಬುಕ್ಕಿನ ಸಹಿಯಲ್ಲಿ ಕೊನೆಗೊಳ್ಳದಿರಲಿ. ಒಂದೇ ಮನೆಗೆ ನಾಲ್ಕನೆಯ ಸಲ ಹೋದಾಗ ಮಾತ್ರವೇ ಮನೆಯಾಕೆಯು ಮೊದಲ ಮೂರು ಸಲ ಹೇಳದೆ ಇದ್ದುದನ್ನು ಹೇಳುವಳು.

ಇಂದು ಗ್ರಂಥಾಲಯದ ದೀಪದ ಕೆಳಗೆ ಕುಳಿತಿರುವ ಈ ಮಕ್ಕಳಲ್ಲಿ ಹಲವರು ಮುಂದೊಂದು ದಿನ ಅರಕಲಗೂಡಿನದೋ ಹೊಳೆನರಸೀಪುರದ್ದೋ ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂಟಿಯಾಗಿ ಕುಳಿತಿರುವರು. ಅಲ್ಲಿ ಸ್ಕ್ಯಾನ್ ಯಂತ್ರವಿರದು, ಕೇಳಿ ತಿಳಿಯೋಣವೆಂದರೆ ಹಿರಿಯ ತಜ್ಞರಿರರು. ಮಳೆಯ ರಾತ್ರಿಯಲ್ಲಿ ಬೈಕಿನ ಹಿಂದೆ ಮಗನ ಬೆನ್ನಿಗೊರಗಿ ಬಂದ ತಾಯಿಯೊಬ್ಬಳು, ‘ಎದೆ ಏನೂ ನೋವಿಲ್ಲ ಕಣಪ್ಪ, ಬರೀ ಸಂಕಟ ಆಯ್ತದೆ’ ಎನ್ನುವಳು. ಆ ‘ಬರೀ’ ಎಂಬ ಎರಡಕ್ಷರದ ಮುಂದೆ ಒಂದು ಕ್ಷಣ ನಿಲ್ಲುವುದನ್ನು ಆ ವೈದ್ಯನು ಕಲಿಯಬೇಕಾದುದು ಇಲ್ಲಿ, ಈಗ, ಸೋಮವಾರದ ಬಸ್ಸು ತನ್ನೊಡನೆ ಇಳಿಸಿದ ಜನರ ಮಂಚಗಳ ಪಕ್ಕದಲ್ಲಿ.